ಒಂದು ಹಾಜರಿ ಪುಸ್ತಕ ತೆರೆಸಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ



ನಾನು ಮಂಡ್ಯದವಳು. 33 ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದೆ. ಈಗ ನನಗೆ 68 ವರ್ಷ. ಎತ್ತರ 154 ಸೆಂಟಿಮೀಟರ್. ಎರಡೂವರೆ ವರ್ಷದ ಹಿಂದೆ ತೂಕ 78 ಕಿಲೋ ಇತ್ತು. ಬಿಪಿ ಮಾತ್ರೆ ನುಂಗುತ್ತೇನೆ, ಎರಡೂ ಮಂಡಿ ಸವೆದಿವೆ. ನನ್ನ ಹಾಗಿರುವವರು ನಮ್ಮ ಬೀದಿಯೊಂದರಲ್ಲೇ ಏಳೆಂಟು ಜನ ಇದ್ದಾರೆ. ಅವರೆಲ್ಲರ ಆಸ್ಪತ್ರೆ ಚೀಟಿಯಲ್ಲೂ ಮಾತ್ರೆಗಳ ಹೆಸರಿನ ಕೆಳಗೆ ಒಂದು ಸಾಲು ತಪ್ಪದೆ ಇರುತ್ತದೆ: ತೂಕ ಇಳಿಸಿ.

ನನ್ನ ಬಳಿ ಅಂಥ ಐದು ಚೀಟಿಗಳಿವೆ. ಬರೆದುಕೊಟ್ಟ ಡಾಕ್ಟರನ್ನು ನಾನು ದೂರುವುದಿಲ್ಲ. ಹೊರಗೆ ಅರವತ್ತು ಜನ ಕಾದು ನಿಂತಿರುವಾಗ ಒಬ್ಬರಿಗೆ ಅವರು ಮೂರು ನಿಮಿಷ ಕೊಟ್ಟರೆ ಅದೇ ಹೆಚ್ಚು. ಆದರೆ ಹೇಗೆ ಇಳಿಸಬೇಕು, ಎಷ್ಟು ನಿಧಾನವಾಗಿ ಇಳಿಸಬೇಕು, ಇಳಿಯದೆ ಹೋದರೆ ಯಾರನ್ನು ಕೇಳಬೇಕು ಎಂಬುದನ್ನು ಆ ಐದು ಸಲದಲ್ಲಿ ಒಮ್ಮೆಯೂ ಯಾರೂ ಹೇಳಲಿಲ್ಲ. ಹೇಳುವುದು ಯಾರ ಕೆಲಸ ಎಂದು ನಿಮ್ಮ ಇಲಾಖೆಯಲ್ಲಿ ಇನ್ನೂ ತೀರ್ಮಾನವಾದಂತಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ನನಗೆ ಗೊತ್ತಿದ್ದ ದಾರಿ ಒಂದೇ, ನನ್ನ ಅತ್ತೆ ಮಾಡುತ್ತಿದ್ದ ಒಪ್ಪತ್ತು. ರಾತ್ರಿ ಊಟ ಬಿಟ್ಟೆ. ಬೆಳಿಗ್ಗೆ ಒಂದು ಲೋಟ ಮಜ್ಜಿಗೆ, ಮಧ್ಯಾಹ್ನ ಒಂದು ಸಣ್ಣ ಮುದ್ದೆಗೆ ಸೊಪ್ಪಿನ ಸಾರು, ಸಂಜೆಗೊಂದು ಬಾಳೆಹಣ್ಣು. ನಾಲ್ಕು ತಿಂಗಳಲ್ಲಿ ಏಳು ಕಿಲೋ ಇಳಿಯಿತು. ರವಿಕೆಗಳೆಲ್ಲ ಸಡಿಲವಾದವು. ಮದುವೆಮನೆಯಲ್ಲಿ ಕಂಡವರು ‘ಎಷ್ಟು ಸಣ್ಣ ಆಗಿದ್ದೀರಿ ಮೇಡಂ’ ಎಂದರೆ ಖುಷಿಯಾಗುತ್ತಿತ್ತು.

ಆ ಡಿಸೆಂಬರಿನಲ್ಲಿ ಅವರೆಕಾಯಿ ಬಂತು. ಹಿತ್ತಿಲ ಬಾಗಿಲ ಹತ್ತಿರ ನೆಲದ ಮೇಲೆ ಕೂತು ಎರಡು ಕಿಲೋ ಕಾಯಿ ಸುಲಿದೆ. ಏಳಲು ಹೋದರೆ ಆಗಲಿಲ್ಲ. ಮಂಡಿ ನೋವು ನನಗೆ ಹಳೆಯ ಪರಿಚಯ, ಅದಲ್ಲ ಇದು. ತೊಡೆಯಲ್ಲಿ ಕಸುವೇ ಇರಲಿಲ್ಲ. ಗೋಡೆ ಹಿಡಿದು ನೋಡಿದೆ, ಮಗ್ಗುಲಾಗಿ ಮೊಣಕೈ ಊರಿ ನೋಡಿದೆ. ಮಗ, ಸೊಸೆ ಬೆಂಗಳೂರಿನಲ್ಲಿ. ಫೋನು ನಡುಮನೆಯಲ್ಲಿ. ಪಕ್ಕದ ಮನೆಯ ಹುಡುಗಿ ಹೂವು ಕೊಡಲು ಬರುವವರೆಗೆ, ಮುಕ್ಕಾಲು ಗಂಟೆ, ಸಿಪ್ಪೆಯ ರಾಶಿಯ ಪಕ್ಕ ಹಾಗೇ ಕೂತಿದ್ದೆ. ಏಳು ಕಿಲೋ ಹಗುರಾದ ಮೈಯನ್ನು ನನ್ನ ಕಾಲುಗಳೇ ಎತ್ತಲಾರದೆ ಹೋದವು.

ಆಮೇಲೆ ಕೇಳಿ, ಓದಿ ತಿಳಿದದ್ದು ಇದು. ಅರವತ್ತು ದಾಟಿದವರು ಬರೀ ಊಟ ಕಡಿಮೆ ಮಾಡಿ ಇಳಿಸಿದ ತೂಕದಲ್ಲಿ ಸುಮಾರು ಕಾಲು ಭಾಗ ಮಾಂಸಖಂಡವೇ ಇರುತ್ತದೆ. ವಯಸ್ಸಾಗುತ್ತ ಅದು ಹೇಗೂ ಕರಗುತ್ತಿರುತ್ತದೆ, ನಾವು ಅರೆಹೊಟ್ಟೆ ಉಂಡು ಇನ್ನಷ್ಟು ಕರಗಿಸುತ್ತೇವೆ. ಹಟ ಸಡಿಲಿ ತೂಕ ವಾಪಸಾದಾಗ ಬರುವುದು ಹೆಚ್ಚಾಗಿ ಕೊಬ್ಬು. ನನಗೂ ಸಂಕ್ರಾಂತಿಯಿಂದ ಯುಗಾದಿಯೊಳಗೆ ಐದು ಕಿಲೋ ಮರಳಿ ಬಂತು. ತೂಕದ ಯಂತ್ರ ಹೆಚ್ಚುಕಡಿಮೆ ಹಳೆಯ ಅಂಕಿಯನ್ನೇ ತೋರಿಸಿತು. ಕಾಲುಗಳು ಮಾತ್ರ ಹಳೆಯ ಕಾಲುಗಳಾಗಿರಲಿಲ್ಲ.

ಹಾಗೆಂದು ತೂಕ ಇಳಿಸುವುದೇ ಬೇಡ ಎಂದು ನಾನು ಹೇಳುತ್ತಿಲ್ಲ. ಮಂಡಿ ಸವೆದ ಹಿರಿಯರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಮೈಯ ಒಂದು ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋದಷ್ಟು ಇಳಿಯುತ್ತದೆ. ನಾಲ್ಕೈದು ಕಿಲೋ ಇಳಿದರೂ ಮಂಡಿಗೆ ಅದು ದೊಡ್ಡ ಉಪಕಾರ. 2011ರಲ್ಲಿ ಅಮೆರಿಕದ ವೈದ್ಯರು 65 ದಾಟಿದ, ಬೊಜ್ಜಿರುವ 107 ಜನರನ್ನು ಗುಂಪು ಮಾಡಿ ಒಂದು ವರ್ಷ ನೋಡಿದ ಫಲಿತಾಂಶ ಪ್ರಕಟಿಸಿದರು. ಬರೀ ಪಥ್ಯ ಮಾಡಿದವರೂ ಪಥ್ಯದ ಜೊತೆ ವ್ಯಾಯಾಮ ಮಾಡಿದವರೂ ಹೆಚ್ಚುಕಡಿಮೆ ಒಂದೇ ಸಮ ತೂಕ ಇಳಿಸಿದರು. ನಡೆಯುವ, ಏಳುವ, ಮೆಟ್ಟಿಲು ಹತ್ತುವ ಶಕ್ತಿ ಎಲ್ಲರಿಗಿಂತ ಹೆಚ್ಚು ಸುಧಾರಿಸಿದ್ದು ಎರಡನ್ನೂ ಮಾಡಿದವರಲ್ಲಿ. ಬರೀ ಪಥ್ಯದವರು ಮಾಂಸಖಂಡವನ್ನೂ ಮೂಳೆಯ ಸಾಂದ್ರತೆಯನ್ನೂ ಹೆಚ್ಚು ಕಳೆದುಕೊಂಡರು. ನನ್ನ ಐದು ಚೀಟಿಗಳಲ್ಲಿ ಇಲ್ಲದ ಮಾತು ಇದೇ.

ನನಗೆ ದಾರಿ ತೋರಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗಳು, ಫಿಸಿಯೋಥೆರಪಿ ಓದಿದವಳು. ತೂಕ ಕೇಳಲೇ ಇಲ್ಲ ಅವಳು. ‘ಅಜ್ಜಿ, ಕೈ ಎದೆಯ ಮೇಲೆ ಕಟ್ಟಿಕೊಂಡು ಈ ಕುರ್ಚಿಯಿಂದ ಎದ್ದು ಕೂತು ಮಾಡಿ, ಮೂವತ್ತು ಸೆಕೆಂಡಲ್ಲಿ ಎಷ್ಟು ಸಲ ಆಗುತ್ತೆ ನೋಡೋಣ’ ಎಂದಳು. ಆರು ಸಲ ಆಯಿತು. 65ರಿಂದ 69ರ ವಯಸ್ಸಿನ ಹೆಂಗಸರಿಗೆ 11ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯವಿದೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯ ಲೆಕ್ಕ. ಯಂತ್ರ ಬೇಡ, ರಕ್ತ ತೆಗೆಯುವುದು ಬೇಡ. ಒಂದು ಕುರ್ಚಿ, ಒಂದು ಗಡಿಯಾರ ಸಾಕು. ಸಚಿವರೇ, ರಾಜ್ಯದ ಯಾವ ಆರೋಗ್ಯ ಕೇಂದ್ರದಲ್ಲಿ ಕುರ್ಚಿ ಇಲ್ಲ ಹೇಳಿ.

ಈ ವಯಸ್ಸಿನಲ್ಲಿ ಇನ್ನೇನು ಬಲ ಬರುತ್ತದೆ ಎಂದು ನಾನೂ ಕೇಳಿದ್ದೆ. 1990ರಲ್ಲಿ ಪ್ರಕಟವಾದ ಒಂದು ವರದಿಯ ಬಗ್ಗೆ ಆ ಹುಡುಗಿ ಹೇಳಿದಳು. ಬೋಸ್ಟನ್ನಿನಲ್ಲಿ ಹಿರಿಯರ ಆರೈಕೆ ಕೇಂದ್ರವೊಂದರ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಎಲ್ಲರೂ ತೊಂಬತ್ತರ ಆಸುಪಾಸಿನವರು, ಅವರಲ್ಲಿ ಎಲ್ಲರಿಗಿಂತ ಹಿರಿಯರಿಗೆ 96. ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು. 96ಕ್ಕೆ ಆಗುವುದಾದರೆ 68ಕ್ಕೆ ಏಕಾಗಬಾರದು?

ಆದರೆ ವ್ಯಾಯಾಮ ಗೊತ್ತಾಗುವುದು ಬೇರೆ, ನಾಳೆಯೂ ನಾಡಿದ್ದೂ ಅದನ್ನು ಮಾಡುವುದು ಬೇರೆ. ವಯಸ್ಸಾದವರ ಉಮೇದು ಎಲ್ಲಿ ಸೋರಿಹೋಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ‘ಈ ವಯಸ್ಸಲ್ಲಿ ಯಾರಿಗೆ ತೋರಿಸಬೇಕು’ ಎನ್ನುತ್ತಾರೆ ನೆಂಟರು. ‘ಸುಮ್ನೆ ಕೂತ್ಕೊಳಮ್ಮ, ನಾವು ಮಾಡ್ತೀವಿ’ ಎನ್ನುತ್ತಾರೆ ಮಕ್ಕಳು. ಆ ಮಾತಿನಲ್ಲಿ ಪ್ರೀತಿಯೇ ಇದೆ. ಆದರೆ ನೀರು ಸೇದುವುದನ್ನು, ಬಟ್ಟೆ ಹಿಂಡುವುದನ್ನು, ನೆಲಕ್ಕೆ ಬಗ್ಗುವುದನ್ನು ಒಂದೊಂದಾಗಿ ಕೈಯಿಂದ ತೆಗೆದುಕೊಂಡು ನಮ್ಮನ್ನು ಟಿವಿಯ ಮುಂದೆ ಕೂರಿಸಿದ್ದೂ ಆ ಪ್ರೀತಿಯೇ. ಹೆಂಗಸರಿಗೆ ಇನ್ನೊಂದು ಕಷ್ಟವಿದೆ. ಪಾತ್ರೆಯಲ್ಲಿ ಉಳಿದದ್ದು ಹಾಳಾಗಬಾರದೆಂದು ಹೊಟ್ಟೆ ತುಂಬಿದ ಮೇಲೂ ಬಳಿದು ಉಣ್ಣುವವರು ನಾವು. ಅನ್ನ ಚೆಲ್ಲಬಾರದೆಂದು ಕಲಿಸಿದ ಕಾಲ ಹಸಿವಿನ ಕಾಲ. ಆ ಕಲಿಕೆ ಮೈಯಲ್ಲಿ ಇನ್ನೂ ಇದೆ. ಬೈಗುಳದಿಂದ ಅದನ್ನು ಬಿಡಿಸಲು ಆಗುವುದಿಲ್ಲ. ಅಳತೆಯಲ್ಲಿ ಅಡುಗೆ ಮಾಡುವುದನ್ನು ಅರವತ್ತೈದಕ್ಕೆ ಹೊಸದಾಗಿ ಕಲಿಯಬೇಕು, ನಾನು ಕಲಿತೆ.

ಮೊದಲ ತಿಂಗಳು ಒಬ್ಬಳೇ ಮಾಡಿದೆ. ಹದಿನೈದು ದಿನಕ್ಕೆ ಬೇಸರ ಬಂತು. ಆಗ ಹೊಳೆದದ್ದು ನನಗೆ ಗೊತ್ತಿದ್ದ ಹಳೆಯ ವಿದ್ಯೆ. ಪೇಟೆಗೆ ಹೋಗಿ ಒಂದು ಹಾಜರಿ ಪುಸ್ತಕ ತಂದೆ. ಬೀದಿಯ ಒಂಬತ್ತು ಹೆಂಗಸರು, ಮೂವರು ಗಂಡಸರ ಹೆಸರು ಬರೆದೆ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಆರೂವರೆಗೆ ಬಡಾವಣೆಯ ಸಮುದಾಯ ಭವನದ ಜಗಲಿಯಲ್ಲಿ ಸೇರುತ್ತೇವೆ. ಅವರವರ ಪ್ಲಾಸ್ಟಿಕ್ ಕುರ್ಚಿ ಅವರವರೇ ತರಬೇಕು. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ತಳ್ಳುವುದು, ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತುವುದು, ಒಂಟಿಕಾಲಲ್ಲಿ ನಿಲ್ಲುವುದು, ನೀರು ತುಂಬಿದ ಒಂದು ಲೀಟರಿನ ಬಾಟಲಿ ಎತ್ತಿ ಇಳಿಸುವುದು. ಮುಕ್ಕಾಲು ಗಂಟೆ. ಉಳಿದ ದಿನ ನಾಲೆಯ ಏರಿಯ ಮೇಲೆ ಅರ್ಧ ಗಂಟೆ ನಡಿಗೆ. 65 ದಾಟಿದವರು ವಾರಕ್ಕೆ ಕಡಿಮೆಯೆಂದರೆ 150 ನಿಮಿಷ ಚುರುಕಾಗಿ ಓಡಾಡಬೇಕು, ಎರಡು ದಿನವಾದರೂ ಮಾಂಸಖಂಡಕ್ಕೆ ಕೆಲಸ ಕೊಡಬೇಕು, ಮೂರು ದಿನ ಸಮತೋಲನ ಮತ್ತು ಬಲದ ಅಭ್ಯಾಸ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆ ಮೂರನೆಯ ದಿನ ನಮಗಿನ್ನೂ ಕೂಡಿಬಂದಿಲ್ಲ.

ಎರಡು ಸಲ ಬರದಿದ್ದವರ ಮನೆಗೆ ಒಬ್ಬರು ಹೋಗಿ ವಿಚಾರಿಸಬೇಕು, ಇದೊಂದೇ ನಮ್ಮ ನಿಯಮ. ಹಿಂದಿನ ಮಳೆಗಾಲದಲ್ಲಿ ನಮ್ಮ ಗುಂಪಿನ ಹಿರಿಯರೊಬ್ಬರು ತೀರಿಕೊಂಡರು. ಮೂರು ವಾರ ಜಗಲಿ ಖಾಲಿ ಬಿತ್ತು. ನಾನೂ ಹೋಗಲಿಲ್ಲ. ನಾಲ್ಕನೆಯ ಮಂಗಳವಾರ ಬೆಳಕು ಹರಿಯುವ ಮುಂಚೆ ಅವರ ಹೆಂಡತಿಯೇ ನಮ್ಮ ಮನೆ ಬಾಗಿಲಿಗೆ ಬಂದು, ‘ಟೀಚರಮ್ಮ, ಹಾಜರಿ ಯಾಕೆ ತಗೊಳ್ತಿಲ್ಲ?’ ಎಂದು ಕೇಳಿದರು. ಅವತ್ತಿನಿಂದ ಮತ್ತೆ ಶುರುವಾಯಿತು. ಉಮೇದು ಎನ್ನುವುದು ಒಬ್ಬರ ಎದೆಯೊಳಗೆ ಹುಟ್ಟಿ ಅಲ್ಲೇ ಉರಿಯುತ್ತಿರುತ್ತದೆ ಎಂದು ಮೊದಲು ನಂಬಿದ್ದೆ. ಈಗ ನಂಬುವುದಿಲ್ಲ. ನಮ್ಮನ್ನು ಯಾರೋ ಕಾಯುತ್ತಿದ್ದಾರೆ ಎಂದು ಗೊತ್ತಿದ್ದರೆ ಕಾಲು ತಾನಾಗಿ ಹೊಸಿಲು ದಾಟುತ್ತದೆ.

ಹಾಜರಿಯ ಪಕ್ಕದಲ್ಲಿ ಎರಡು ಕಾಲಂ ಎಳೆದಿದ್ದೇನೆ, ಒಂದು ತೂಕಕ್ಕೆ, ಇನ್ನೊಂದು ಕುರ್ಚಿಯ ಲೆಕ್ಕಕ್ಕೆ. ನನ್ನ ತೂಕ 16 ತಿಂಗಳಲ್ಲಿ 76ರಿಂದ 71ಕ್ಕೆ ಬಂದಿದೆ. ನಡುವೆ ಮೂರು ತಿಂಗಳು ಒಂದು ಗುಂಜಿಯೂ ಕದಲಲಿಲ್ಲ. ಆ ಮೂರು ತಿಂಗಳಲ್ಲೇ ಕುರ್ಚಿಯ ಲೆಕ್ಕ ಒಂಬತ್ತರಿಂದ ಹನ್ನೆರಡಾಯಿತು. ತೂಕದ ಕಾಲಂ ಒಂದೇ ಇದ್ದಿದ್ದರೆ ನಾನು ಖಂಡಿತ ಬಿಟ್ಟುಬಿಡುತ್ತಿದ್ದೆ.

ಇದೇ ಪುಸ್ತಕದಿಂದ ಇನ್ನೊಂದು ಉಪಕಾರವೂ ಆಯಿತು. ನಮ್ಮಲ್ಲೊಬ್ಬರ ತೂಕ ಎರಡು ತಿಂಗಳಲ್ಲಿ ನಾಲ್ಕು ಕಿಲೋ ಇಳಿಯಿತು. ಊಟ ಕಡಿಮೆ ಮಾಡಿರಲಿಲ್ಲ. ಬೇರೆಯವರು ಹೊಗಳುತ್ತಿದ್ದರು, ನನಗೆ ಹೆದರಿಕೆಯಾಯಿತು. ಪರೀಕ್ಷೆ ಮಾಡಿಸಿದರೆ ಶುಗರ್ ವಿಪರೀತ ಏರಿತ್ತು. ಪ್ರಯತ್ನವಿಲ್ಲದೆ ವಯಸ್ಸಾದವರ ಮೈ ಇಳಿದರೆ ಅದು ಕಾಯಿಲೆಯ ಸೂಚನೆ ಇರಬಹುದು. ವರ್ಷಕ್ಕೊಮ್ಮೆ ತೂಕ ನೋಡಿದರೆ ಅದು ಗೊತ್ತಾಗುವುದು ಹೇಗೆ?

ಊಟದ ವಿಷಯಕ್ಕೆ ಬರುತ್ತೇನೆ. ಮುದ್ದೆಯನ್ನು ನಾವು ಬಿಡಲಿಲ್ಲ. ಎರಡಿದ್ದದ್ದು ಒಂದಾಯಿತು, ಆಮೇಲಿನ ಅನ್ನ ನಾಲ್ಕು ತುತ್ತಾಯಿತು. ಸಾರಿನ ತಿಳಿಯನ್ನೇ ಉಣ್ಣುತ್ತಿದ್ದವರು ಹುರುಳಿ, ಅಲಸಂದೆ, ಹೆಸರುಕಾಳನ್ನು ಸೌಟಿನ ತಳದಿಂದ ಬಡಿಸಿಕೊಳ್ಳತೊಡಗಿದೆವು. ಮೊಟ್ಟೆ ತಿನ್ನುವವರು ದಿನಕ್ಕೊಂದು ತಿನ್ನುತ್ತಾರೆ. ವಯಸ್ಸಾದವರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದು ಗ್ರಾಂನಷ್ಟಾದರೂ ಪ್ರೋಟೀನು ಬೇಕು ಎನ್ನುವುದು ತಜ್ಞರ ಸಲಹೆ (ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಬೇಕು). ನನಗೆ ಪಿಂಚಣಿ ಬರುತ್ತದೆ, ಕಾಳು, ಹಾಲು ಕೊಳ್ಳಬಲ್ಲೆ. ತಿಂಗಳಿಗೆ 1,200 ರೂಪಾಯಿಯ ಸಂಧ್ಯಾ ಸುರಕ್ಷಾ ವೃದ್ಧಾಪ್ಯ ವೇತನದಲ್ಲಿ ಬದುಕುವವರಿಗೆ ದಿನಕ್ಕೊಂದು ಮೊಟ್ಟೆ ತಿನ್ನಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡುವ ಸರ್ಕಾರ ಅವರ ಅಜ್ಜಿಯರ ತಟ್ಟೆಯನ್ನೂ ಒಮ್ಮೆ ನೋಡಲಿ.

2025ರಲ್ಲಿ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ನಮ್ಮ ದೇಶದ ಮಾರುಕಟ್ಟೆಗೂ ಬಂದವು. ಬೇಕಾದವರಿಗೆ ಅವು ಬೇಕು. ಅವುಗಳಿಂದಲೂ ಕೊಬ್ಬಿನ ಜೊತೆ ಮಾಂಸಖಂಡ ಇಳಿಯುತ್ತದೆ, ಹಾಗಾಗಿ ಸೂಜಿ ತೆಗೆದುಕೊಂಡವರಿಗೂ ಈ ಕುರ್ಚಿ ತಪ್ಪಿದ್ದಲ್ಲ.

ನಿಮ್ಮ ಇಲಾಖೆ ಏನೂ ಮಾಡಿಲ್ಲ ಎಂದರೆ ಸುಳ್ಳಾಗುತ್ತದೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಅದು ಒಳ್ಳೆಯ ಕೆಲಸ. ಆದರೆ ಬೊಜ್ಜಿನ ವಿಷಯದಲ್ಲಿ ಹಿರಿಯರು ಲೆಕ್ಕಕ್ಕೆ ಸಿಗುವುದು ಕಡಿಮೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ವರದಿ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 30 ಹೆಂಗಸರಿಗೆ ಅಧಿಕ ತೂಕವಿದೆ. ಈ ಲೆಕ್ಕ 15ರಿಂದ 49 ವರ್ಷದವರದು. ನಾನು ಆ ವಯಸ್ಸು ದಾಟಿ ಹತ್ತೊಂಬತ್ತು ವರ್ಷವಾಯಿತು. ಆ ಲೆಕ್ಕದಲ್ಲಿಲ್ಲದ ನಮ್ಮ ಪಾಡು ಬಸ್ ಸ್ಟ್ಯಾಂಡಿನಲ್ಲಿ ಕಾಣುತ್ತದೆ. ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಶಕ್ತಿ ಯೋಜನೆ ಬಂದಮೇಲೆ ಟಿಕೆಟಿನ ಚಿಂತೆ ಹೋಯಿತು, ಧರ್ಮಸ್ಥಳಕ್ಕೋ ಮಗಳ ಮನೆಗೋ ಹೋಗಬೇಕೆಂದು ಬಸ್ ಸ್ಟ್ಯಾಂಡಿಗೆ ಬರುವ ನನ್ನ ವಯಸ್ಸಿನವರನ್ನು ದಿನವೂ ನೋಡುತ್ತೇನೆ. ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲೆತ್ತಲಾಗದೆ, ಹಿಂದಿನಿಂದ ಯಾರಾದರೂ ತಳ್ಳಲಿ ಎಂದು ಅವರು ಕಾಯುತ್ತಾರೆ.

ನಾನು ಕೇಳುವುದು ಇಷ್ಟು. ಪಟ್ಟಣಗಳ ಪ್ರತಿ ‘ನಮ್ಮ ಕ್ಲಿನಿಕ್’ನಲ್ಲಿ, ಹಳ್ಳಿಗಳ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ವಾರಕ್ಕೆ ಎರಡು ಬೆಳಿಗ್ಗೆ ಒಂದೊಂದು ಗಂಟೆಯನ್ನು ಅರವತ್ತು ದಾಟಿದವರಿಗೆ ಮೀಸಲಿಡಿ. ಕುರ್ಚಿಯ ವ್ಯಾಯಾಮ ಹೇಳಿಕೊಡಲು ಅಲ್ಲಿನ ಆರೋಗ್ಯ ಸಿಬ್ಬಂದಿಗೆ ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿಸ್ಟರಿಂದ ತರಬೇತಿ ಕೊಡಿಸಿ. ಎದೆನೋವು, ತಲೆಸುತ್ತು ಇರುವವರನ್ನು ಡಾಕ್ಟರು ನೋಡಿದ ಮೇಲೆಯೇ ಸೇರಿಸಿಕೊಳ್ಳಲಿ. ಬರದವರನ್ನು ವಿಚಾರಿಸಲು ಆಶಾ ಕಾರ್ಯಕರ್ತೆಯರನ್ನು ಕಳಿಸುವುದಾದರೆ ಆ ಕೆಲಸಕ್ಕೆ ಬೇರೆ ಗೌರವಧನ ಕೊಡಿ, ಅವರ ತಲೆಯ ಮೇಲೆ ಈಗಾಗಲೇ ಬೇಕಾದಷ್ಟು ಹೊರೆ ಇದೆ. ಡಾಕ್ಟರು ‘ತೂಕ ಇಳಿಸಿ’ ಎಂದು ಬರೆಯುವ ಸಾಲಿನ ಮುಂದೆ ಯಾವ ವಾರ, ಎಷ್ಟು ಗಂಟೆಗೆ, ಎಲ್ಲಿಗೆ ಬರಬೇಕು ಎಂಬುದೂ ಇರಲಿ.

ಅಕ್ಟೋಬರ್ 1 ಹಿರಿಯರ ದಿನ. ಪ್ರತಿ ವರ್ಷ ಅವತ್ತು ನಮಗೆ ಶಾಲು ಹೊದಿಸಿ ಹಾರ ಹಾಕುತ್ತಾರೆ. ಮುಂದಿನ ಅಕ್ಟೋಬರ್ 1ರೊಳಗೆ ರಾಜ್ಯದ ಒಂದೇ ಒಂದು ತಾಲ್ಲೂಕಿನಲ್ಲಾದರೂ ಇದನ್ನು ಶುರುಮಾಡಿಸಿ. ಹಾಜರಿ ಪುಸ್ತಕಗಳನ್ನು ನನ್ನ ಪಿಂಚಣಿಯಿಂದ ಕೊಂಡು ಕಳಿಸುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ, ಮಂಡ್ಯ