ಕೇಳಬೇಕಾದವಳನ್ನು ಕೇಳಿ

ಬಸುರಿ ಹೆಂಗಸಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಈಗ ನಮ್ಮಂಥ ಊರುಗಳಲ್ಲೂ ಒಂದು ಸ್ಕ್ಯಾನು, ಜೊತೆಗೆ ಡಬಲ್ ಮಾರ್ಕರ್ ಎಂಬ ರಕ್ತಪರೀಕ್ಷೆಗೆ ಚೀಟಿ ಬರೆದುಕೊಡುತ್ತಾರೆ. ಮಗುವಿಗೆ ಡೌನ್ ಸಿಂಡ್ರೋಮ್ ಇರುವ ಸಂಭವ ಎಷ್ಟೆಂದು ಅಳೆಯುವುದಕ್ಕೆ. ಪರೀಕ್ಷೆ ಬೇಡವೆಂದು ನಾನು ಹೇಳುವುದಿಲ್ಲ. ತಿಳಿದುಕೊಳ್ಳುವುದರಲ್ಲಿ ತಪ್ಪೇನಿದೆ? ನನ್ನ ತಕರಾರು ವರದಿ ಬಂದ ಮೇಲೆ ಮನೆಯಲ್ಲಿ ಕೂಡುವ ಪಂಚಾಯಿತಿಯ ಮೇಲೆ.

ವರದಿಯಲ್ಲಿ 'ಹೆಚ್ಚು ಅಪಾಯ, 200ಕ್ಕೆ 1' ಎಂದು ಬಂತೆನ್ನಿ. ಲೆಕ್ಕ ಬಿಡಿಸಿ ನೋಡಿ. ಅಂಥ ವರದಿ ಬಂದ 200 ಬಸುರಿಯರಲ್ಲಿ 199 ಮಂದಿಯ ಮಗುವಿಗೆ ಈ ತೊಂದರೆ ಇರುವುದಿಲ್ಲ. ಏಳನೆಯ ತರಗತಿಯ ಮಕ್ಕಳು ಬಿಡಿಸುವ ಲೆಕ್ಕ ಇದು. ಆದರೆ 'ಹೆಚ್ಚು ಅಪಾಯ' ಎಂಬ ಎರಡು ಪದ ಕಿವಿಗೆ ಬಿದ್ದೊಡನೆ ದೊಡ್ಡವರಿಗೂ ಲೆಕ್ಕ ಮರೆತುಹೋಗುತ್ತದೆ. ಇದು ಬರೀ ಅನುಮಾನ. ಖಚಿತವಾಗಬೇಕಾದರೆ 15 ವಾರ ಕಳೆದ ಮೇಲೆ ಗರ್ಭದ ನೀರು ತೆಗೆದು ಪರೀಕ್ಷಿಸುವಂಥ ಬೇರೆ ಪರೀಕ್ಷೆ ಆಗಬೇಕು. ಅಷ್ಟರವರೆಗೆ ಕಾಯುವ ತಾಳ್ಮೆ ಎಷ್ಟು ಮನೆಗಳಲ್ಲಿದೆ?

ಸಾಮಾನ್ಯವಾಗಿ 46 ವರ್ಣತಂತುಗಳಿರುವ ಕಡೆ 21ನೆಯದು ಒಂದು ಹೆಚ್ಚಾಗಿ 47 ಆಗುವುದೇ ಡೌನ್ ಸಿಂಡ್ರೋಮಿಗೆ ಕಾರಣವೆಂದು 1959ರಲ್ಲೇ ತೋರಿಸಿಕೊಟ್ಟಿದ್ದಾರೆ. ತಾಯಿಯ ವಯಸ್ಸು ಏರಿದಂತೆ ಸಂಭವ ಏರುತ್ತದೆ ನಿಜ. ಚಿಕ್ಕ ವಯಸ್ಸಿನವರಿಗೂ ಇಂಥ ಮಕ್ಕಳು ಹುಟ್ಟುತ್ತಾರೆ. ಗ್ರಹಣದ ದಿನ ಹೊರಗೆ ಬಂದದ್ದಕ್ಕಲ್ಲ, ಪರಂಗಿ ತಿಂದದ್ದಕ್ಕಲ್ಲ, ಪೂರ್ವಜನ್ಮದ ಪಾಪಕ್ಕೂ ಅಲ್ಲ. ಆದರೂ ನಮ್ಮ ಮನೆಗಳಲ್ಲಿ ಮೊದಲ ಪ್ರಶ್ನೆ, "ಇವಳ ತೌರಿನ ಕಡೆ ಯಾರಿಗಾದರೂ ಇತ್ತೇ?"

ನಮ್ಮ ಶಾಲೆಯಲ್ಲಿ ಅಂಥ ಹುಡುಗನೊಬ್ಬ ಓದಿದ. ಅವನನ್ನು ದೇವರ ಮಗು ಎಂದು ಹೊಗಳಲಾರೆ. ಹಟಮಾರಿ, ಸಿಟ್ಟು ಬಂದರೆ ಸ್ಲೇಟು ಎಸೆಯುತ್ತಿದ್ದ. ತನ್ನ ಹೆಸರು ಬರೆಯಲು ಕಲಿತದ್ದು ನಾಲ್ಕನೆಯ ತರಗತಿಯಲ್ಲಿ. ಆದರೆ ಹಾಜರಿ ಪುಸ್ತಕಗಳನ್ನು ತಪ್ಪದೆ ಆಯಾ ಕೊಠಡಿಗೆ ಮುಟ್ಟಿಸುತ್ತಿದ್ದವನು ಅವನೇ. ಅವನ ತಾಯಿಯ ಕಷ್ಟವನ್ನೂ ಕಂಡಿದ್ದೇನೆ. ಇಂಥ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ. ಹೆತ್ತವರ ಕಾಲಾನಂತರ ಗತಿ ಯಾರು ಎಂಬ ಚಿಂತೆ ಸುಳ್ಳಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇಂಥ ಮಕ್ಕಳಿಗೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಬಸುರಿಗೆ ಈ ಎರಡು ಮುಖವನ್ನೂ ತೋರಿಸಬೇಕು. ಬರೀ ಭಯ ತೋರಿಸಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಕಾನೂನೇನೋ ಅವಳ ಕಡೆಗಿದೆ. ಗರ್ಭದ ನೀರು ತೆಗೆಯುವ ಮುನ್ನ ಅದರ ಅಪಾಯಗಳನ್ನು ವಿವರಿಸಿ, ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆಯಬೇಕೆಂದು 1994ರ ಕಾಯಿದೆ ಹೇಳುತ್ತದೆ. ಗರ್ಭಪಾತಕ್ಕೂ 1971ರ ಕಾಯಿದೆಯಂತೆ ವಯಸ್ಸಿಗೆ ಬಂದ ಹೆಣ್ಣಾದರೆ ಅವಳ ಒಪ್ಪಿಗೆ ಸಾಕು. ಗಂಡನದಾಗಲಿ ಅತ್ತೆಯದಾಗಲಿ ಬೇಕಿಲ್ಲ. 2021ರ ತಿದ್ದುಪಡಿಯಂತೆ ಭ್ರೂಣದಲ್ಲಿ ತೀವ್ರ ದೋಷವಿದೆಯೆಂದು ವೈದ್ಯಕೀಯ ಮಂಡಳಿ ನಿರ್ಣಯಿಸಿದರೆ 24 ವಾರದ ನಂತರವೂ ಅವಕಾಶವುಂಟು. ಎಂದರೆ, ಆ ರಾತ್ರಿಯೇ ತೀರ್ಮಾನಿಸಿ ಬೆಳಗ್ಗೆ ಬಸ್ಸು ಹತ್ತಿಸುವ ಅವಸರ ಯಾರಿಗೂ ಇಲ್ಲ. ಆದರೂ ಕಾನೂನು ಯಾರನ್ನು ಕೇಳೆನ್ನುತ್ತದೋ ಅವಳೊಬ್ಬಳನ್ನು ಬಿಟ್ಟು ಮನೆಯವರೆಲ್ಲ ಮಾತಾಡುತ್ತಾರೆ!

ಹೆರುತ್ತೇನೆ ಎಂದವಳನ್ನು ಹುಚ್ಚಿ ಎನ್ನಬೇಡಿ. ಬೇಡ ಎಂದವಳನ್ನು ಕಟುಕಿ ಎನ್ನಬೇಡಿ. ಹೊರುವವಳು ಅವಳು, ಹೆರುವವಳು ಅವಳು, ನಾಳೆ ಆ ಮಗುವಿನ ಹಿಂದೆ ಓಡುವವಳೂ ಅವಳೇ. ಲೆಕ್ಕ ತಿಳಿಸಿ, ಎರಡು ಮುಖ ತೋರಿಸಿ, ನಾಲ್ಕು ದಿನ ಸಮಯ ಕೊಡಿ. ಆಮೇಲೆ ಅವಳು ಏನು ಹೇಳಿದರೂ ಅದನ್ನು ನಡೆಸಿಕೊಡುವುದಷ್ಟೇ ಉಳಿದವರ ಕೆಲಸ.