ಕುರಿಯ ಕಣ್ರೆಪ್ಪೆ ಕಲಿಸುವ ಪಾಠ

ಲಾಸ್ ಏಂಜಲೀಸ್‌ನಿಂದ ಸ್ಯಾನ್ ಡಿಯಾಗೋಗೆ ಕಡಲ ಬದಿಯಲ್ಲಿ ಸಾಗಿದರೆ ನಡುವೆ ಲಗೂನಾ ಬೀಚ್ ಎಂಬ ಸಿರಿವಂತರ ಊರು ಸಿಗುತ್ತದೆ. ಅಲ್ಲಿನ ಗುಡ್ಡಗಳಲ್ಲಿ ಮೂರು ದಶಕಗಳಿಂದ ನಗರಾಡಳಿತವೇ ಆಡುಗಳನ್ನು ಮೇಯಿಸುತ್ತಿದೆ. ಒಣಪೊದೆಗಳನ್ನು ಮೇಯ್ದು ಕಾಳ್ಗಿಚ್ಚಿಗೆ ಆಹಾರವಿಲ್ಲದಂತೆ ಮಾಡುವುದು ಅವುಗಳ ಕೆಲಸ. 2025ರ ಜನವರಿಯಲ್ಲಿ ಪ್ಯಾಲಿಸೇಡ್ಸ್, ಆಲ್ಟಡೀನಾ ಬಡಾವಣೆಗಳು ಬೂದಿಯಾದ ಮೇಲೆ ಇಂಥ ಮಂದೆಗಳ ಮಹತ್ವ ಇನ್ನಷ್ಟು ಮನವರಿಕೆಯಾಗುತ್ತಿದೆ.

ಶಿರಾ ಸೀಮೆಯಲ್ಲಿ ಕುರಿ ಸಾಕುವ ನನ್ನ ಸೋದರಮಾವನ ಮಗನಿಗೆ ಇದನ್ನು ಫೋನಿನಲ್ಲಿ ವಿವರಿಸಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: ‘ಅಲ್ಲಿ ಜಂತಿನ ಔಷಧಿ ಎಷ್ಟು ಸಲ ಕುಡಿಸ್ತಾರೆ ಭಾವ? ನಮ್ಮಲ್ಲಿ ಎಷ್ಟು ಕುಡಿಸಿದರೂ ಮರಿ ಉಳೀತಿಲ್ಲ.’

ಅವನ ಮಂದೆಯನ್ನು ಕಾಡುತ್ತಿರುವುದು ಬಹುಶಃ ಹೀಮಾಂಕಸ್ ಕಂಟಾರ್ಟಸ್ ಎಂಬ ಹೊಟ್ಟೆಹುಳು. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಹೀರುತ್ತದೆ; ಹೆಣ್ಣುಹುಳು ಸಾವಿರಾರು ಮೊಟ್ಟೆ ಇಡುತ್ತದೆ. ಮರಿಹುಳುಗಳು ತೇವದ ಹುಲ್ಲಿನಲ್ಲಿ ಕೆಲವೇ ಅಂಗುಲ ಏರಬಲ್ಲವು. ಆದ್ದರಿಂದಲೇ ಒಣಗುಡ್ಡದ ಪೊದೆ ಮೇಯುವ ಇಲ್ಲಿನ ಆಡುಗಳಿಗೆ ಬಾಧೆ ಕಡಿಮೆ. ನೀರು ಹಾಯಿಸಿದ ಹುಲ್ಲುಗಾವಲಿನ ಮಂದೆಗಳಿಗೆ ಹೆಚ್ಚು.

ಔಷಧಗಳ ಕಥೆ ನಿರಾಶಾದಾಯಕ. 1961ರಲ್ಲಿ ಬಂದ ಥಯಾಬೆಂಡಜೋಲ್‌ಗೆ 1964ರಲ್ಲೇ ಪ್ರತಿರೋಧ ವರದಿಯಾಯಿತು. 1981ರಲ್ಲಿ ಮಾರುಕಟ್ಟೆಗೆ ಬಂದ ಐವರ್ಮೆಕ್ಟಿನ್ ಕೂಡ ಒಂದು ದಶಕದೊಳಗೆ ಕುರಿಗಳಲ್ಲಿ ಸೋಲತೊಡಗಿತು. ಆದರೂ ಕಾನೂನು ಒಂದೇ ಕಣ್ಣು ತೆರೆದಿದೆ. ಮನುಷ್ಯರಿಗೂ ಅಗತ್ಯವಾದ ಆ್ಯಂಟಿಬಯಾಟಿಕ್‌ಗಳನ್ನು ಜಾನುವಾರುಗಳಿಗೆ ಕೊಡಲು ಕ್ಯಾಲಿಫೋರ್ನಿಯಾದಲ್ಲಿ 2018ರಿಂದ, ಇಡೀ ಅಮೆರಿಕದಲ್ಲಿ 2023ರ ಜೂನ್‌ನಿಂದ ಪಶುವೈದ್ಯರ ಚೀಟಿ ಬೇಕು. ಜಂತುನಾಶಕಗಳು ಮಾತ್ರ ಮೇವಿನ ಅಂಗಡಿಯಲ್ಲಿ ಮುಕ್ತವಾಗಿ ಸಿಗುತ್ತವೆ.

ಇದರ ಪರಿಣಾಮವನ್ನು ಕೋವಿಡ್ ಕಾಲದಲ್ಲಿ ಕಂಡೆವು. 2021ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧದಂಗಡಿಗಳು ವಾರಕ್ಕೆ 88,000ಕ್ಕೂ ಹೆಚ್ಚು ಐವರ್ಮೆಕ್ಟಿನ್ ಚೀಟಿಗಳಿಗೆ ಔಷಧ ಕೊಟ್ಟವು. ಚೀಟಿ ಸಿಗದ ಕೆಲವರು ದನ, ಕುದುರೆಗಳ ಔಷಧವನ್ನೇ ನುಂಗಿದರು. ಸಿಕ್ಕಿದ್ದನ್ನು ಸಿಕ್ಕಷ್ಟು ನುಂಗುವ ಈ ಮನೋಭಾವವೇ ಕುರಿದೊಡ್ಡಿಯಲ್ಲೂ ಕೆಲಸ ಮಾಡುತ್ತಿದೆ.

ಹಾಗೆಂದು ಎಲ್ಲಕ್ಕೂ ಚೀಟಿ ಕಡ್ಡಾಯ ಮಾಡಿದರೆ ಸಾಕೇ? ಡೆನ್ಮಾರ್ಕ್ 1999ರಲ್ಲೇ ಹಾಗೆ ಮಾಡಿತು. ಆದರೆ ಪಶುವೈದ್ಯರೇ ದೂರವಿರುವ ಹಳ್ಳಿಯಲ್ಲಿ ಅದು ಬಡ ಕುರಿಗಾಹಿಗೆ ಶಿಕ್ಷೆಯಾದೀತು. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಒಂದು ಕೋಟಿಗೂ ಹೆಚ್ಚು ಕುರಿಗಳಿವೆ. ಅವುಗಳನ್ನು ಸಾಕುವವರ ಕೈಗೆ ಎಟುಕುವ ವಿದ್ಯೆ ಬೇಕು.

ಅದು ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡಿದೆ. ಫಮಾಚಾ ಎಂಬ ಬಣ್ಣದ ಪಟ್ಟಿಯನ್ನು ಕುರಿಯ ಕೆಳರೆಪ್ಪೆಯ ಒಳಮೈಗೆ ಹೋಲಿಸುವುದು. ಬಿಳುಚಿದವಕ್ಕೆ ಮಾತ್ರ ಔಷಧ ಕುಡಿಸುವುದು. ಔಷಧ ಸೋಕದ ಹುಳುಗಳು ಉಳಿದು ಪ್ರತಿರೋಧದ ಹುಳುಗಳನ್ನು ವಿರಳಗೊಳಿಸುತ್ತವೆ. ರಕ್ತಹೀನತೆ ಗುರುತಿಸಲು ನಾವು ವೈದ್ಯರೂ ರೋಗಿಯ ಕೆಳರೆಪ್ಪೆಯನ್ನೇ ಎಳೆದು ನೋಡುತ್ತೇವೆ. ರಕ್ತ ಹೀರದ ಇತರ ಜಂತುಗಳಿಗೆ ಈ ವಿಧಾನ ಸಾಲದು. ಔಷಧ ಫಲಿಸಿತೇ ಎಂದು ತಿಳಿಯಲು ಹಿಕ್ಕೆಯ ಪರೀಕ್ಷೆಯೂ ಬೇಕು.

ಅಮೆರಿಕಕ್ಕೆ ಬರಬಯಸುವ ನಮ್ಮ ಪಶುವೈದ್ಯ ಪದವೀಧರರು ಇಲ್ಲಿ ಅರ್ಹತಾ ಪರೀಕ್ಷೆಗಳನ್ನು ದಾಟಬೇಕು. ಬರುವ ಮುನ್ನ, ತಮ್ಮೂರಿನ ಹತ್ತು ಕುರಿಗಾಹಿಗಳಿಗೆ ಈ ಕಣ್ಣಿನ ಪರೀಕ್ಷೆ ಕಲಿಸಲಿ ಎಂಬುದು ನನ್ನ ಕೋರಿಕೆ. ನನ್ನ ಭಾವಮೈದುನನಿಗೂ ಹೇಳಿದ್ದೇನೆ: ಈ ತಿಂಗಳು ಬಾಟಲಿ ತೆರೆಯುವ ಮೊದಲು ರೆಪ್ಪೆ ತೆರೆದು ನೋಡು.