ಕತ್ತಿನ ಆಪರೇಷನ್ ಆದವರಿಗೆ ಥೈರಾಯ್ಡ್ ತಪಾಸಣೆ ಕಡ್ಡಾಯಗೊಳಿಸಲು ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ತಲೆ ಮತ್ತು ಕತ್ತಿನ ಪುನರ್ರಚನಾ ಶಸ್ತ್ರಚಿಕಿತ್ಸೆಯ ನಂತರದ ಥೈರಾಯ್ಡ್ ಕೊರತೆ ಪತ್ತೆ ಮತ್ತು ಉಚಿತ ಔಷಧಿ ಕುರಿತು.

ಮಾನ್ಯರೇ,

ನಾವು ದವಡೆ, ನಾಲಿಗೆ, ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ಗೆ ಆಪರೇಷನ್ ಆದವರು ಮತ್ತು ಅವರ ಮನೆಯವರು. ಗಡ್ಡೆ ತೆಗೆದ ಜಾಗಕ್ಕೆ ಎದೆಯ ಸ್ನಾಯುವನ್ನೋ ಮುಂಗೈ ಚರ್ಮವನ್ನೋ ಕಾಲಿನ ಮೂಳೆಯನ್ನೋ ತಂದು ಕೂಡಿಸಿ ವೈದ್ಯರು ಮುಖಕ್ಕೆ ರೂಪ ಕೊಟ್ಟಿದ್ದಾರೆ, ತುತ್ತು ನುಂಗುವಂತೆ ಮಾಡಿದ್ದಾರೆ. ಆ ಋಣ ದೊಡ್ಡದು. ನಮ್ಮ ಅಹವಾಲು ಅದರ ಮುಂದಿನ ದಿನಗಳದ್ದು.

ಆಪರೇಷನ್ ಬಳಿಕ ಕತ್ತಿಗೆ ರೇಡಿಯೇಷನ್, ಜನರ ಮಾತಿನಲ್ಲಿ ಹೇಳುವುದಾದರೆ ಕರೆಂಟ್, ಕೊಡಿಸಿಕೊಂಡ ಅನೇಕರಲ್ಲಿ ಥೈರಾಯ್ಡ್ ಗ್ರಂಥಿ ಕ್ರಮೇಣ ಸೊರಗುತ್ತದೆ. ಧ್ವನಿಪೆಟ್ಟಿಗೆಯ ಜೊತೆ ಗ್ರಂಥಿಯ ಅರ್ಧ ಭಾಗವೂ ಹೋಗಿದ್ದರೆ ಅಪಾಯ ಇನ್ನೂ ಹೆಚ್ಚು. ಕೆಲವರಲ್ಲಿ ಕೆಲವೇ ತಿಂಗಳಲ್ಲಿ, ಕೆಲವರಲ್ಲಿ ವರ್ಷಗಳು ಕಳೆದ ಮೇಲೆ ಕೊರತೆ ಕಾಣಿಸಿಕೊಳ್ಳುತ್ತದೆ. ಸುಸ್ತು, ಚಳಿ ತಡೆಯಲಾಗದಿರುವುದು, ಮಲಬದ್ಧತೆ, ಮನಸ್ಸಿನ ಮಂಕು ಎಲ್ಲವನ್ನೂ 'ಕ್ಯಾನ್ಸರ್ ಬಂದಿತ್ತಲ್ಲ, ಇರೋದೇ' ಎಂದು ಸಹಿಸಿಕೊಳ್ಳುತ್ತಾರೆ. ಮತ್ತೆ ಹೊಲಕ್ಕಿಳಿಯಲಾಗದವರನ್ನು ಸೋಮಾರಿ ಎನ್ನುವುದೂ ಉಂಟು; ರೋಗವನ್ನೇ ಗೆದ್ದು ಬಂದವರಿಗೆ ಈ ಮಾತು ಬಲು ನೋವಿನದು. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಗಾಯ ಮಾಯುವುದೂ ತಡ. ಗಂಟಲ ಹೊಲಿಗೆ ಬಿಟ್ಟು ಕತ್ತಿನಿಂದ ಜೊಲ್ಲು ಸೋರುವ ಅಪಾಯವೂ ಹೆಚ್ಚುತ್ತದೆ.

ಈ ಥೈರಾಯ್ಡ್ ಕೊರತೆಯನ್ನು ಟಿಎಸ್‌ಎಚ್ ಎಂಬ ಸರಳ ರಕ್ತಪರೀಕ್ಷೆಯಿಂದ ಲಕ್ಷಣಗಳಿಗೂ ಮೊದಲೇ ಹಿಡಿಯಬಹುದು. ಆದ್ದರಿಂದ ಈ ಪರೀಕ್ಷೆಯನ್ನು ಆಪರೇಷನ್‌ಗೆ ಮುನ್ನ ಒಮ್ಮೆ, ಗಾಯ ಮಾಯದಿದ್ದಾಗ ತಪ್ಪದೆ, ಕತ್ತಿಗೆ ಕರೆಂಟ್ ಪಡೆದವರಿಗೆ 6ರಿಂದ 12 ತಿಂಗಳಿಗೊಮ್ಮೆ ಜೀವನಪರ್ಯಂತ ಮಾಡುವಂತೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಸ್ಪಷ್ಟ ಆದೇಶ ಹೊರಡಿಸಬೇಕು. ಮುಂದಿನ ಪರೀಕ್ಷೆ ಯಾವ ತಿಂಗಳು ಎಂಬುದು ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲಿರಬೇಕು. ರಕ್ತವನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ತೆಗೆಯಬೇಕು. ಬೀದರ್, ರಾಯಚೂರಿನವರು ಇಷ್ಟಕ್ಕಾಗಿ ಬೆಂಗಳೂರಿನ ಬಸ್ಸು ಹತ್ತುವಂತಾಗಬಾರದು.

ಈ ಕೊರತೆಯನ್ನು ನೀಗಿಸುವ ಲೆವೊಥೈರಾಕ್ಸಿನ್ ಮಾತ್ರೆ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಅದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ, ಎಡೆಬಿಡದೆ ಸಿಗಬೇಕು. ಇನ್ನೊಂದು ಮುಖ್ಯ ಮಾತು: ಮೂಗಿನ ನಳಿಕೆಯಿಂದ ಊಟ ಪಡೆಯುವವರಿಗೆ ಮಾತ್ರೆ ಪುಡಿಮಾಡಿ ಗಂಜಿಯೊಂದಿಗೇ ಕೊಟ್ಟರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಬರಿಹೊಟ್ಟೆಯಲ್ಲಿ, ಆಹಾರಕ್ಕೆ ಅರ್ಧ ಗಂಟೆಯಾದರೂ ಮೊದಲು ಕೊಡಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಂದ 4 ಗಂಟೆ ಅಂತರವಿರಬೇಕು. ದಾದಿಯರಿಗೂ ಆಶಾ ಕಾರ್ಯಕರ್ತೆಯರಿಗೂ ಈ ಬಗ್ಗೆ ತರಬೇತಿ ಕೊಡಿಸಬೇಕು.

ಈ ಬೇಡಿಕೆಗಳ ಮೇಲೆ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು, ಆದೇಶದ ಕರಡು ಸಿದ್ಧವಾಗುವಾಗ ನಮ್ಮವರನ್ನೂ ಕರೆದು ಕೇಳಬೇಕೆಂದು ವಿನಂತಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಬಾಯಿ ಮತ್ತು ಗಂಟಲು ಕ್ಯಾನ್ಸರ್‌ನಿಂದ ಚೇತರಿಸಿಕೊಂಡವರು ಹಾಗೂ ಅವರ ಕುಟುಂಬದವರು